ಗೆದ್ದವರ ಹೆಸರು ಹೇಳುವುದೇ ಸಮೀಕ್ಷೆಯ ಕೆಲಸವೇ?

2024ರ ನವೆಂಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ಮತ್ತೆ ಗೆದ್ದಾಗ ಅಮೆರಿಕದಲ್ಲೂ, ಅಲ್ಲಿನ ಚುನಾವಣೆಯನ್ನು ಆಸಕ್ತಿಯಿಂದ ಗಮನಿಸುವ ನಮ್ಮಲ್ಲೂ ಒಂದು ತೀರ್ಮಾನ ಬಲುಬೇಗ ಹೊರಬಿತ್ತು: ಜನಾಭಿಪ್ರಾಯ ಸಮೀಕ್ಷೆಗಳು ಮೂರನೇ ಸಲ ಮುಗ್ಗರಿಸಿವೆ, ಇನ್ನು ಅವುಗಳನ್ನು ನಂಬುವುದರಲ್ಲಿ ಅರ್ಥವಿಲ್ಲ. ಈ ಅಭಿಪ್ರಾಯವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಅದಕ್ಕೂ ಒಂದು ತರ್ಕವಿದೆ. ಚುನಾವಣೆಯ ಹೊತ್ತಿನಲ್ಲಿ ಎಲ್ಲರೂ ತಿಳಿಯಬಯಸುವುದು ಯಾರು ಗೆಲ್ಲುತ್ತಾರೆ ಎಂಬ ಒಂದೇ ಸಂಗತಿಯನ್ನು. ಸಮೀಕ್ಷೆ ನಡೆಸುವವರೂ ಅದನ್ನು ಪ್ರಕಟಿಸುವವರೂ ನೆಚ್ಚಿಕೊಂಡಿರುವುದು ಆ ಕುತೂಹಲವನ್ನೇ. 2016ರಲ್ಲಿ ಹಿಲರಿ ಕ್ಲಿಂಟನ್ ಗೆಲ್ಲುತ್ತಾರೆಂದು ಹೆಚ್ಚುಕಡಿಮೆ ಎಲ್ಲರೂ ಹೇಳಿದರು, ಅವರು ಸೋತರು. 2020ರಲ್ಲಿ ಜೋ ಬೈಡನ್ ಸಲೀಸಾಗಿ ಗೆಲ್ಲುತ್ತಾರೆ ಎಂದರು, ನಿರ್ಣಾಯಕ ರಾಜ್ಯಗಳಲ್ಲಿ ಅವರು ಕೂದಲೆಳೆಯ ಅಂತರದಲ್ಲಿ ಪಾರಾದರು. 2024ರಲ್ಲಿ ಸಮಬಲದ ಹೋರಾಟ ಎಂದರು, ಪೈಪೋಟಿಯಿದ್ದ ಏಳು ರಾಜ್ಯಗಳನ್ನೂ ಟ್ರಂಪ್ ಗೆದ್ದುಕೊಂಡರು. ಕೇಳಿದ ಒಂದೇ ಪ್ರಶ್ನೆಗೆ ಮೂರು ಸಲವೂ ನೇರವಾದ ಉತ್ತರ ಕೊಡಲಾಗದ ವಿದ್ಯೆಗೆ ವಿಜ್ಞಾನದ ಪಟ್ಟ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಸಮೀಕ್ಷಕರ ಪರವಾಗಿ ಬರುವ ಉತ್ತರವೂ ಸಿದ್ಧವಾಗಿರುತ್ತದೆ: ನಾವು ಹೇಳಿದ ಅಂಕಿಗಳು ದೋಷದ ಮಿತಿಯೊಳಗೇ ಇದ್ದವು, ಓದುವವರಿಗೆ ಓದಲು ಬರಲಿಲ್ಲ. ನನ್ನ ವಾದ ಇಷ್ಟು: ಈ ಎರಡು ಬಣಗಳೂ ತಪ್ಪು ಅಳತೆಗೋಲನ್ನು ಹಿಡಿದಿವೆ. ಗೆದ್ದವರನ್ನು ಮೊದಲೇ ಹೆಸರಿಸಿತೇ ಇಲ್ಲವೇ ಎಂಬುದರಿಂದ ಸಮೀಕ್ಷೆಯ ಗುಣ ತಿಳಿಯುವುದಿಲ್ಲ. ಹಾಗೆಯೇ, ಸಮೀಕ್ಷೆಯ ಜೊತೆ ಅಚ್ಚಾಗುವ ದೋಷದ ಮಿತಿಯೂ ಅದರ ನಿಜವಾದ ದೋಷವನ್ನು ತಿಳಿಸುವುದಿಲ್ಲ.

ಮೊದಲನೆಯ ಮಾತನ್ನು ಪರೀಕ್ಷಿಸಲು ಇತಿಹಾಸದಿಂದ ಮೂರು ಉದಾಹರಣೆಗಳನ್ನು ತೆಗೆದುಕೊಳ್ಳೋಣ. ಇಲ್ಲಿ ನೋಡಬೇಕಾದದ್ದು ಇಬ್ಬರು ಅಭ್ಯರ್ಥಿಗಳ ನಡುವಿನ ಅಂತರವನ್ನು ಸಮೀಕ್ಷೆ ಎಷ್ಟು ತಪ್ಪಾಗಿ ಅಂದಾಜಿಸಿತು ಎಂಬುದನ್ನು.

1. ಜಾರ್ಜ್ ಗ್ಯಾಲಪ್ ಅವರ ಹೆಸರು ಮನೆಮಾತಾದದ್ದು 1936ರಲ್ಲಿ. ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿ, 20 ಲಕ್ಷಕ್ಕೂ ಮಿಕ್ಕಿ ಉತ್ತರಗಳನ್ನು ಎಣಿಸಿ, ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿಯಿಂದ ಗ್ಯಾಲಪ್ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎಂದರು, ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಆದರೆ ಗ್ಯಾಲಪ್ ರೂಸ್‌ವೆಲ್ಟ್‌ಗೆ ಕೊಟ್ಟಿದ್ದು ಸುಮಾರು ಶೇ 56 ಮತ, ಬಂದದ್ದು ಶೇ 61ರಷ್ಟು. ಲ್ಯಾಂಡನ್‌ಗೆ ಅಂದಾಜಿಗಿಂತ ಕಡಿಮೆ ಬಂದದ್ದನ್ನೂ ಸೇರಿಸಿದರೆ, ಅಂತರದ ಲೆಕ್ಕದಲ್ಲಿ ದೋಷ 12 ಶೇಕಡಾ ಅಂಶಗಳನ್ನು ಮೀರಿತ್ತು. 1948ರಲ್ಲಿ ಅದೇ ಗ್ಯಾಲಪ್ ಥಾಮಸ್ ಡ್ಯೂಯಿ 5 ಅಂಶಗಳಿಂದ ಮುಂದಿದ್ದಾರೆ ಎಂದರು, ಹ್ಯಾರಿ ಟ್ರೂಮನ್ 4.5 ಅಂಶಗಳಿಂದ ಗೆದ್ದರು. ದೋಷ ಸುಮಾರು 9.5 ಅಂಶ. ಚರಿತ್ರೆ ಹೊಗಳಿದ ವರ್ಷದ ದೋಷ, ಚರಿತ್ರೆ ನಕ್ಕ ವರ್ಷದ ದೋಷಕ್ಕಿಂತ ದೊಡ್ಡದು.

2. 2012ರಲ್ಲಿ ರಾಷ್ಟ್ರೀಯ ಸಮೀಕ್ಷೆಗಳ ಒಂದು ಪ್ರಮುಖ ಸರಾಸರಿ ಬರಾಕ್ ಒಬಾಮಾ ಅವರಿಗೆ ಒಂದು ಅಂಶಕ್ಕೂ ಕಡಿಮೆ ಮುನ್ನಡೆ ಕೊಟ್ಟಿತ್ತು, ಗ್ಯಾಲಪ್ ಸಂಸ್ಥೆಯಂತೂ ಮಿಟ್ ರಾಮ್ನಿ ಮುಂದಿದ್ದಾರೆ ಎಂದಿತ್ತು. ಒಬಾಮಾ ಗೆದ್ದದ್ದು 3.9 ಅಂಶಗಳಿಂದ. 2016ರಲ್ಲಿ ಅದೇ ಬಗೆಯ ಸರಾಸರಿ ಕ್ಲಿಂಟನ್‌ಗೆ 3 ಅಂಶಕ್ಕೆ ತುಸು ಹೆಚ್ಚು ಮುನ್ನಡೆ ತೋರಿಸಿತ್ತು. ದೇಶದ ಒಟ್ಟು ಮತದಲ್ಲಿ ಅವರು 2.1 ಅಂಶ ಮುಂದಿದ್ದರು. ಅಂದರೆ 2012ರ ರಾಷ್ಟ್ರೀಯ ದೋಷ 2016ರದ್ದಕ್ಕಿಂತ ಸುಮಾರು ಮೂರು ಪಟ್ಟು. ಆದರೂ 2012 ಅಂಕಿಶಾಸ್ತ್ರದ ವಿಜಯವೆನಿಸಿತು, 2016 ಅದರ ಸೋಲೆನಿಸಿತು.

3. 2020ರಲ್ಲಿ ಸರಾಸರಿಗಳು ಬೈಡನ್‌ಗೆ 8 ಅಂಶಗಳ ಆಸುಪಾಸಿನ ಮುನ್ನಡೆ ಕೊಟ್ಟವು, ಬಂದದ್ದು 4.5. ಅಮೆರಿಕದ ಸಮೀಕ್ಷಾ ವೃತ್ತಿನಿರತರ ಸಂಘ ನಡೆಸಿದ ಪರಿಶೀಲನೆಯೇ ಇದನ್ನು 40 ವರ್ಷಗಳಲ್ಲಿ ರಾಷ್ಟ್ರೀಯ ಸಮೀಕ್ಷೆಗಳ ಅತಿ ದೊಡ್ಡ ದೋಷವೆಂದು ಕರೆಯಿತು. ಗೆದ್ದವರ ಹೆಸರು ಮಾತ್ರ ಸರಿಯಾಗಿತ್ತು.

ಭಾರತದ ಒಂದು ಉದಾಹರಣೆ ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಹೇಳುತ್ತದೆ. 2024ರ ಲೋಕಸಭಾ ಚುನಾವಣೆಯ ಮತದಾನೋತ್ತರ ಸಮೀಕ್ಷೆಗಳಲ್ಲಿ ಹೆಚ್ಚಿನವು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟವು. ಬಂದದ್ದು 293, ಬಿಜೆಪಿಗೆ ಸ್ವಂತ ಬಲದ ಬಹುಮತವೂ ಸಿಗಲಿಲ್ಲ. ಗೆದ್ದ ಮೈತ್ರಿಕೂಟದ ಹೆಸರು ಸರಿಯಾಗಿತ್ತು ಎಂಬ ಕಾರಣಕ್ಕೆ ಆ ಸಮೀಕ್ಷೆಗಳನ್ನು ಯಾರೂ ಮೆಚ್ಚಲಿಲ್ಲ, ಮೆಚ್ಚಬೇಕಾಗಿಯೂ ಇರಲಿಲ್ಲ. ಹೆಸರು ಸರಿಯಿದ್ದೂ ಸಮೀಕ್ಷೆ ಸೋಲಬಹುದು ಎಂದು ಇಲ್ಲಿ ಒಪ್ಪುವವರು, ಹೆಸರು ತಪ್ಪಿಯೂ ಸಮೀಕ್ಷೆ ತಕ್ಕಮಟ್ಟಿಗೆ ಸರಿಯಿರಬಹುದು ಎಂಬುದನ್ನೂ ಒಪ್ಪಬೇಕಾಗುತ್ತದೆ. ಸಮೀಕ್ಷೆಯ ದೋಷ ಎಲ್ಲ ಚುನಾವಣೆಗಳಲ್ಲೂ ಇರುವಂಥದ್ದು. ಅಂತರ ದೊಡ್ಡದಿದ್ದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಜಿದ್ದಾಜಿದ್ದಿ ಇದ್ದಾಗ ಅಷ್ಟೇ ದೋಷ ಫಲಿತಾಂಶವನ್ನು ತಲೆಕೆಳಗು ಮಾಡುತ್ತದೆ. ಸೌದೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದರೆ ತಕ್ಕಡಿ ಕೆಟ್ಟಿದೆ ಎನ್ನಲಾಗದು. ಅದರಿಂದ ಆ ಕೆಲಸ ಆಗದು ಎನ್ನಬೇಕು.

ಆ ಕೆಲಸ ಏಕೆ ಆಗದು ಎಂಬುದಕ್ಕೆ ಮೊದಲ ಕಾರಣ ಶುದ್ಧ ಗಣಿತ. ಸಾವಿರ ಜನರನ್ನು ಯಾದೃಚ್ಛಿಕವಾಗಿ ಆರಿಸಿ ಕೇಳಿದರೆ ಒಬ್ಬ ಅಭ್ಯರ್ಥಿಯ ಮತಪ್ರಮಾಣದಲ್ಲಿ 3 ಅಂಶದಷ್ಟು ಆಚೀಚೆ ಆಗಬಹುದು. ಪತ್ರಿಕೆಗಳ ಅಡಿಟಿಪ್ಪಣಿಯಲ್ಲಿ ಇರುವುದು ಈ ಸಂಖ್ಯೆ. ಆದರೆ ಓದುಗರು ನೋಡುವುದು ಮತಪ್ರಮಾಣವನ್ನಲ್ಲ, ಮುನ್ನಡೆಯನ್ನು. ಇಬ್ಬರ ಪೈಪೋಟಿಯಲ್ಲಿ ಒಬ್ಬರಿಗೆ ಒಂದು ಅಂಶ ಹೆಚ್ಚಿಗೆ ಬಂದರೆ ಇನ್ನೊಬ್ಬರಿಗೆ ಸಾಮಾನ್ಯವಾಗಿ ಒಂದು ಅಂಶ ಕಡಿಮೆ ಬರುತ್ತದೆ. ಆದ್ದರಿಂದ ಮುನ್ನಡೆಯ ಮೇಲಿನ ದೋಷ ಹತ್ತಿರಹತ್ತಿರ ದುಪ್ಪಟ್ಟು, ಅಂದರೆ 6 ಅಂಶ. ‘49-47’ ಎಂದು ತೋರಿಸುವ ಸಮೀಕ್ಷೆಯ ಅರ್ಥ, ಮೊದಲನೆಯವರು 8 ಅಂಶ ಮುಂದಿರಬಹುದು, 4 ಅಂಶ ಹಿಂದೆಯೂ ಇರಬಹುದು ಎಂದು. ಮಾದರಿಯನ್ನು ದೊಡ್ಡದು ಮಾಡಿದರೆ ಸಾಲದೇ ಎಂದು ಕೇಳಬಹುದು. ದೋಷ ಅರ್ಧಕ್ಕಿಳಿಯಲು ಮಾದರಿ ನಾಲ್ಕು ಪಟ್ಟಾಗಬೇಕು. ಒಂದು ಅಂಶದ ಮುನ್ನಡೆಯನ್ನು ಶೇ 95ರ ಭರವಸೆಯಿಂದ ಗುರುತಿಸಲು ಸುಮಾರು 38 ಸಾವಿರ ಜನರನ್ನು, ಅದೂ ಒಂದೊಂದು ರಾಜ್ಯದಲ್ಲಿ, ಕೇಳಬೇಕಾಗುತ್ತದೆ. ಅಮೆರಿಕದ ಅಧ್ಯಕ್ಷ ಸ್ಥಾನ ತೀರ್ಮಾನವಾಗುವುದು ದೇಶದ ಒಟ್ಟು ಮತದಿಂದಲ್ಲ, ರಾಜ್ಯವಾರು ಹಂಚಿಕೆಯಾದ 538 ಎಲೆಕ್ಟೋರಲ್ ಮತಗಳಿಂದ. 2016ರಲ್ಲಿ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ರಾಜ್ಯಗಳಲ್ಲಿ ಟ್ರಂಪ್ ಮುಂದಿದ್ದ ಮತಗಳನ್ನು ಕೂಡಿಸಿದರೆ 78 ಸಾವಿರ ಆಗುವುದಿಲ್ಲ. 2020ರಲ್ಲಿ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳಲ್ಲಿ ಬೈಡನ್ ಮುಂದಿದ್ದದ್ದು ಒಟ್ಟು 43 ಸಾವಿರಕ್ಕೂ ಕಡಿಮೆ ಮತಗಳಿಂದ. 2000ದಲ್ಲಿ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ ಗೆದ್ದದ್ದು 537 ಮತಗಳಿಂದ. ಮನುಷ್ಯರನ್ನು ಕೇಳಿ ತಿಳಿಯುವ ಯಾವ ವಿಧಾನವೂ ಇಷ್ಟು ಸಣ್ಣ ವ್ಯತ್ಯಾಸವನ್ನು ಮೊದಲೇ ಕಾಣಲಾರದು.

ಇಲ್ಲಿಯವರೆಗಿನ ಮಾತು ಸಮೀಕ್ಷಕರಿಗೆ ಹಿತವೆನಿಸಬಹುದು. ಆದರೆ ಈ ಗಣಿತಕ್ಕೊಂದು ಷರತ್ತಿದೆ: ಆರಿಸಿದ ಪ್ರತಿಯೊಬ್ಬರೂ ಉತ್ತರ ಕೊಡಬೇಕು. ವಾಸ್ತವ ಹಾಗಿಲ್ಲ. ಪ್ಯೂ ಸಂಶೋಧನಾ ಕೇಂದ್ರದ ದೂರವಾಣಿ ಸಮೀಕ್ಷೆಗಳಲ್ಲಿ 1997ರಲ್ಲಿ ನೂರಕ್ಕೆ 36 ಮಂದಿ ಉತ್ತರಿಸುತ್ತಿದ್ದರು, 2018ರ ಹೊತ್ತಿಗೆ ಆ ಪ್ರಮಾಣ ನೂರಕ್ಕೆ 6ಕ್ಕೆ ಇಳಿದಿತ್ತು. ಉಳಿದ 94 ಮಂದಿ ಈ ಆರು ಮಂದಿಯಂತೆಯೇ ಯೋಚಿಸುತ್ತಾರೆ ಎಂದು ನಂಬಲು ಗಣಿತದಲ್ಲಿ ಆಧಾರವಿಲ್ಲ. ಸಂಸ್ಥೆಗಳನ್ನೂ ಮಾಧ್ಯಮಗಳನ್ನೂ ಸಂಶಯದಿಂದ ನೋಡುವವರು ಸಮೀಕ್ಷೆಯ ಕರೆಯನ್ನೂ ಕತ್ತರಿಸುತ್ತಾರೆ, ಅವರೇ ಒಬ್ಬ ಅಭ್ಯರ್ಥಿಯ ಕಡೆ ಹೆಚ್ಚು ವಾಲಿದ್ದರೆ ಎಷ್ಟು ಸಾವಿರ ಜನರನ್ನು ಕೇಳಿದರೂ ಆ ಓರೆ ಹಾಗೇ ಉಳಿಯುತ್ತದೆ. ‘ಲಿಟರರಿ ಡೈಜೆಸ್ಟ್’ 20 ಲಕ್ಷ ಉತ್ತರಗಳ ಮೇಲೆ ಕುಳಿತು ಸೋತದ್ದು ಇಂಥ ಕಾರಣಕ್ಕೆ. ಈ ಕೊರತೆ ತುಂಬಲು ಸಮೀಕ್ಷಕರು ಉತ್ತರಿಸಿದವರಿಗೆ ಬೇರೆ ಬೇರೆ ತೂಕ ಕೊಡುತ್ತಾರೆ: ಯುವಕರು ಕಡಿಮೆ ಸಿಕ್ಕಿದ್ದರೆ ಸಿಕ್ಕ ಒಬ್ಬೊಬ್ಬ ಯುವಕನನ್ನೂ ಒಂದಕ್ಕಿಂತ ಹೆಚ್ಚಾಗಿ ಎಣಿಸುತ್ತಾರೆ. ಇದು ಅಗತ್ಯವೇ. 2016ರಲ್ಲಿ ಹಲವು ರಾಜ್ಯ ಸಮೀಕ್ಷೆಗಳು ಶಿಕ್ಷಣದ ಮಟ್ಟಕ್ಕೆ ತಕ್ಕ ತೂಕ ಕೊಡದೆ, ಕಾಲೇಜು ಮೆಟ್ಟಿಲು ಹತ್ತದ ಬಿಳಿಯ ಮತದಾರರನ್ನು ಕಡಿಮೆ ಎಣಿಸಿ ಕೆಟ್ಟವು. ಆದರೆ ತೂಕ ಕೊಡುವುದು ಒಂದು ತೀರ್ಮಾನ, ಒಂದು ಅಳತೆಯಲ್ಲ. ಅದೇ ವರ್ಷ ಒಂದು ವಿಶ್ವವಿದ್ಯಾಲಯ ಮತ್ತು ಪತ್ರಿಕೆ ಸೇರಿ ನಡೆಸಿದ ಸಮೀಕ್ಷೆಯಲ್ಲಿ ಹತ್ತೊಂಬತ್ತು ವರ್ಷ ವಯಸ್ಸಿನ ಒಬ್ಬ ಕಪ್ಪುವರ್ಣೀಯ ಯುವಕನಿಗೆ ಸರಾಸರಿ ಉತ್ತರದಾರರಿಗಿಂತ ಸುಮಾರು 30 ಪಟ್ಟು ತೂಕ ಬಿದ್ದಿತ್ತು. ಅವನು ಟ್ರಂಪ್ ಬೆಂಬಲಿಗನಾಗಿದ್ದ. ಸುಮಾರು ಮೂರು ಸಾವಿರ ಜನರ ಆ ಸಮೀಕ್ಷೆಯಲ್ಲಿ ಕಪ್ಪುವರ್ಣೀಯರ ನಡುವೆ ಟ್ರಂಪ್‌ಗೆ ಎಷ್ಟು ಬೆಂಬಲವಿದೆ ಎಂಬ ಅಂಕಿ ಅವನೊಬ್ಬ ಉತ್ತರಿಸುತ್ತಾನೋ ಇಲ್ಲವೋ ಎಂಬುದರ ಮೇಲೆ ಏರಿಳಿಯುತ್ತಿತ್ತು.

ಈ ತೀರ್ಮಾನಗಳ ಪಾತ್ರ ಎಷ್ಟು ದೊಡ್ಡದು ಎಂಬುದನ್ನು ಅಳೆದು ತೋರಿಸಿದ ಒಂದು ಪ್ರಯೋಗವಿದೆ. 2016ರ ಸೆಪ್ಟೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಫ್ಲಾರಿಡಾದಲ್ಲಿ 867 ಮತದಾರರಿಂದ ಸಂಗ್ರಹಿಸಿದ ಕಚ್ಚಾ ಉತ್ತರಗಳನ್ನು ಹೊರಗಿನ ನಾಲ್ಕು ಪರಿಣತ ತಂಡಗಳಿಗೆ ಕೊಟ್ಟಿತು. ಅದೇ ಜನ, ಅದೇ ಉತ್ತರಗಳು, ಅದೇ ದಿನಗಳು. ಒಂದು ತಂಡದ ಲೆಕ್ಕದಲ್ಲಿ ಕ್ಲಿಂಟನ್ 4 ಅಂಶ ಮುಂದೆ, ಇನ್ನೊಂದರಲ್ಲಿ 3, ಮತ್ತೊಂದರಲ್ಲಿ 1, ನಾಲ್ಕನೆಯದರಲ್ಲಿ ಟ್ರಂಪ್ 1 ಅಂಶ ಮುಂದೆ. ಯಾರೂ ಮೋಸ ಮಾಡಿರಲಿಲ್ಲ, ಎಲ್ಲರ ವಿಧಾನವೂ ಸಮರ್ಥನೀಯವಾಗಿತ್ತು. ಭೇದ ಹುಟ್ಟಿದ್ದು ಮುಖ್ಯವಾಗಿ ಎರಡು ಪ್ರಶ್ನೆಗಳಿಂದ: ಮಾದರಿಯನ್ನು ಜನಸಂಖ್ಯೆಗೆ ಹೊಂದಿಸುವುದು ಹೇಗೆ, ಮತಗಟ್ಟೆಗೆ ಬರುವವರು ಯಾರೆಂದು ನಿರ್ಧರಿಸುವುದು ಹೇಗೆ. ಈ ಎರಡನೆಯದು ಚುನಾವಣಾ ಸಮೀಕ್ಷೆಯ ಮೂಲಭೂತ ಕಷ್ಟ. ಬೇರೆ ಸಮೀಕ್ಷೆಗಳು ಈಗಾಗಲೇ ಇರುವ ಒಂದು ಜನಸಮೂಹವನ್ನು ಅಳೆಯುತ್ತವೆ. ಚುನಾವಣಾ ಸಮೀಕ್ಷೆ ಅಳೆಯಬೇಕಾದ ಸಮೂಹ ಮತದಾನದ ದಿನದವರೆಗೆ ಅಸ್ತಿತ್ವದಲ್ಲೇ ಇರುವುದಿಲ್ಲ. ಅಮೆರಿಕದಲ್ಲಿ 2016ರಲ್ಲಿ ಅರ್ಹರಲ್ಲಿ ಸುಮಾರು ಶೇ 60 ಮಂದಿ ಮತ ಹಾಕಿದರು, 2020ರಲ್ಲಿ ಮೂರನೇ ಎರಡರಷ್ಟು ಮಂದಿ. ಯಾರು ಬರುತ್ತಾರೆಂಬ ಊಹೆ ಸ್ವಲ್ಪ ತಪ್ಪಿದರೂ, ಒಂದೆರಡು ಅಂಶಗಳ ಪೈಪೋಟಿಯಲ್ಲಿ ಮುನ್ನಡೆಯ ಪಕ್ಷವೇ ಬದಲಾಗುತ್ತದೆ. ಅಚ್ಚಾಗುವ ದೋಷದ ಮಿತಿಯಲ್ಲಿ ಇದಾವುದೂ ಸೇರಿರುವುದಿಲ್ಲ. 1998ರಿಂದ 2014ರವರೆಗಿನ ನಾಲ್ಕು ಸಾವಿರಕ್ಕೂ ಹೆಚ್ಚು ರಾಜ್ಯಮಟ್ಟದ ಸಮೀಕ್ಷೆಗಳನ್ನು ಪರಿಶೀಲಿಸಿದ ಅಂಕಿಶಾಸ್ತ್ರಜ್ಞ ಆಂಡ್ರ್ಯೂ ಗೆಲ್ಮನ್ ಮತ್ತು ಸಂಗಡಿಗರು, ನಿಜವಾದ ದೋಷ ಹೇಳಿಕೊಂಡದ್ದಕ್ಕಿಂತ ಸುಮಾರು ಎರಡು ಪಟ್ಟು ಇರುತ್ತದೆ ಎಂದು ತೋರಿಸಿದ್ದಾರೆ. ಹೀಗಾಗಿ ‘ನಾವು ದೋಷದ ಮಿತಿಯೊಳಗಿದ್ದೆವು’ ಎಂಬ ಸಮರ್ಥನೆ ಓದುಗರನ್ನು ದಾರಿ ತಪ್ಪಿಸುವಂಥದ್ದು. ಆ ಮಿತಿಯನ್ನು ಬರೆದದ್ದೇ ಇರುವುದಕ್ಕಿಂತ ಕಿರಿದಾಗಿ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಒಂದೊಂದು ಸಮೀಕ್ಷೆ ತಪ್ಪಬಹುದು, ಆದರೆ ಹತ್ತಾರು ಸಮೀಕ್ಷೆಗಳ ಸರಾಸರಿ ತೆಗೆದರೆ ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುವುದಿಲ್ಲವೇ? ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ ಹೌದು. ಆದರೆ ಉತ್ತರಿಸಲು ಒಲ್ಲದ ಮತದಾರ ಎಲ್ಲ ಸಂಸ್ಥೆಗಳ ಕರೆಯನ್ನೂ ಒಲ್ಲೆನ್ನುತ್ತಾನೆ, ಕೊನೆಯ ವಾರದಲ್ಲಿ ಮನಸ್ಸು ಬದಲಿಸಿದವನು ಎಲ್ಲರ ಲೆಕ್ಕದಿಂದಲೂ ತಪ್ಪಿಸಿಕೊಳ್ಳುತ್ತಾನೆ. ಹಂಚಿಕೊಂಡ ದೋಷವನ್ನು ಸರಾಸರಿ ಅಳಿಸುವುದಿಲ್ಲ, ಅದಕ್ಕೆ ಇನ್ನಷ್ಟು ನಿಖರತೆಯ ವೇಷ ತೊಡಿಸುತ್ತದೆ. 2016, 2020, 2024, ಮೂರೂ ಸಲ ದೋಷ ವಾಲಿದ್ದು ಟ್ರಂಪ್ ಅವರನ್ನು ಕಡಿಮೆ ಎಣಿಸುವ ಕಡೆಗೇ. 2024ರಲ್ಲಿ ಏಳು ರಾಜ್ಯಗಳೂ ಒಬ್ಬರಿಗೇ ಹೋದದ್ದನ್ನು ಸಮೀಕ್ಷೆಗಳ ಸೋಲಿನ ಪುರಾವೆಯಾಗಿ ತೋರಿಸಲಾಗುತ್ತದೆ. ಏಳು ಸಮಬಲದ ಸ್ಪರ್ಧೆಗಳು ಪರಸ್ಪರ ಸ್ವತಂತ್ರವಾಗಿದ್ದರೆ ಏಳೂ ಟ್ರಂಪ್‌ಗೆ ಒಲಿಯುವ ಸಾಧ್ಯತೆ 128ರಲ್ಲಿ ಒಂದು. ದೋಷ ಎಲ್ಲ ಕಡೆ ಒಟ್ಟಿಗೆ ವಾಲುವುದಾದರೆ ಅದು ಬಹಳ ಸಹಜವಾದ ಫಲಿತಾಂಶ. ಎರಡು ಅಂಶಗಳ ಒಂದೇ ಓರೆ ಇಡೀ ಪಟ್ಟಿಯನ್ನು ಒಂದು ಕಡೆಗೆ ಸರಿಸುತ್ತದೆ. ಹಾಗಾದರೆ ಈ ಓರೆಯನ್ನು ಮೊದಲೇ ತಿದ್ದಿಕೊಳ್ಳಬಾರದೇ? ತಿದ್ದಲು ದಿಕ್ಕು ಗೊತ್ತಿರಬೇಕು. 2012ರಲ್ಲಿ ಸಮೀಕ್ಷೆಗಳು ಡೆಮಾಕ್ರಟಿಕ್ ಪಕ್ಷದ ಕಡೆ ವಾಲಿವೆಯೆಂದು ವಾದಿಸಿ ತಾವೇ ತಿದ್ದಿಕೊಂಡವರಿದ್ದರು, ನಿಜವಾದ ಓರೆ ಎದುರು ದಿಕ್ಕಿನಲ್ಲಿತ್ತು.

ಸರಾಸರಿಗೆ ಇನ್ನೊಂದು ಅಪಾಯವಿದೆ, ಮತ್ತು ನಿಕಟ ಸ್ಪರ್ಧೆಯಲ್ಲಿ ಅದು ಹೆಚ್ಚು. ನಿಜಕ್ಕೂ ಸಮಬಲವಿದ್ದು ಪ್ರತಿ ಸಮೀಕ್ಷೆಯೂ ಸಾವಿರ ಜನರನ್ನು ಕೇಳಿದರೆ, ಕೇವಲ ಆಕಸ್ಮಿಕದಿಂದಲೇ ಮೂರರಲ್ಲೊಂದು ಸಮೀಕ್ಷೆ ಯಾರಿಗಾದರೂ 3 ಅಂಶಕ್ಕಿಂತ ಹೆಚ್ಚಿನ ಮುನ್ನಡೆ ತೋರಿಸಬೇಕು. 2024ರ ಕೊನೆಯ ವಾರಗಳಲ್ಲಿ ನಿರ್ಣಾಯಕ ರಾಜ್ಯಗಳಿಂದ ಬಂದ ಸಮೀಕ್ಷೆಗಳು ಒಂದರ ಹಿಂದೊಂದು ಸಮ, ಒಂದು ಅಂಶ, ಎರಡು ಅಂಶ ಎನ್ನುತ್ತಿದ್ದವು. ಇಷ್ಟೊಂದು ಒಮ್ಮತ ಅಂಕಿಶಾಸ್ತ್ರದ ದೃಷ್ಟಿಯಿಂದ ಅನುಮಾನಾಸ್ಪದ ಎಂದು ಚುನಾವಣಾ ಮುನ್ಸೂಚಕ ನೇಟ್ ಸಿಲ್ವರ್ ಮೊದಲಾದವರು ಆಗಲೇ ಎಚ್ಚರಿಸಿದ್ದರು. ಹಿಂದಿನ ಚುನಾವಣೆಯಲ್ಲಿ ಯಾರಿಗೆ ಮತ ಹಾಕಿದ್ದಿರಿ ಎಂದು ಕೇಳಿ ಅದಕ್ಕೆ ತಕ್ಕಂತೆ ತೂಕ ಕೊಡುವ ಪದ್ಧತಿ ಆ ವರ್ಷ ವ್ಯಾಪಕವಾಗಿತ್ತು. ಅದು ಪ್ರತಿ ಸಮೀಕ್ಷೆಯನ್ನೂ ಹಿಂದಿನ ಫಲಿತಾಂಶದ ಹತ್ತಿರಕ್ಕೆ ಎಳೆಯುತ್ತದೆ. ಎಲ್ಲರಿಗಿಂತ ಭಿನ್ನವಾದ ಅಂಕಿ ಬಂದಾಗ ಅದನ್ನು ಪ್ರಕಟಿಸಲು ಅಂಜಿಕೆಯೂ ಇರುತ್ತದೆ. ಅಂಜದವರಿಗೆ ಏನಾಯಿತು ಎಂಬುದಕ್ಕೆ ಅಯೋವಾದ ಆ್ಯನ್ ಸೆಲ್ಜರ್ ಸಾಕ್ಷಿ. ಅತ್ಯಂತ ಗೌರವಾನ್ವಿತ ಸಮೀಕ್ಷಕಿಯಾಗಿದ್ದ ಅವರು 808 ಮತದಾರರನ್ನು ಕೇಳಿ ಟ್ರಂಪ್ ಅವರ ಎದುರಾಳಿ ಕಮಲಾ ಹ್ಯಾರಿಸ್ 3 ಅಂಶ ಮುಂದಿದ್ದಾರೆ ಎಂದು ತಮಗೆ ಸಿಕ್ಕಿದ್ದನ್ನು ಸಿಕ್ಕಿದಂತೆ ಪ್ರಕಟಿಸಿದರು. ಟ್ರಂಪ್ ಅಲ್ಲಿ 13 ಅಂಶಗಳಿಂದ ಗೆದ್ದರು. ಆ ದೋಷ ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ. ಆದರೆ ವಿಚಿತ್ರ ಅಂಕಿಯನ್ನು ಬಚ್ಚಿಡದ ಪ್ರಾಮಾಣಿಕತೆ ಇಲ್ಲದಿದ್ದರೆ ಸರಾಸರಿಗೆ ಬೆಲೆಯೇ ಇಲ್ಲ. ಒಬ್ಬರನ್ನೊಬ್ಬರು ನೋಡಿ ಬರೆದ ಹತ್ತು ಉತ್ತರಗಳು ಒಂದೇ ಉತ್ತರಕ್ಕೆ ಸಮ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಗೆದ್ದವರ ಹೆಸರು ಮುಖ್ಯವಲ್ಲ, ದೊಡ್ಡ ದೋಷವೂ ಸಹಜ ಎನ್ನುತ್ತಾ ಹೋದರೆ ಸಮೀಕ್ಷೆಯನ್ನು ತಪ್ಪೆಂದು ತೋರಿಸುವ ದಾರಿಯೇ ಉಳಿಯುವುದಿಲ್ಲವಲ್ಲ? ಪರೀಕ್ಷೆಗೆ ಒಳಗಾಗದ ವಿದ್ಯೆ ಜ್ಯೋತಿಷ್ಯಕ್ಕಿಂತ ಹೇಗೆ ಭಿನ್ನ? ನಾನು ಪರೀಕ್ಷೆಯನ್ನು ತೆಗೆದುಹಾಕುತ್ತಿಲ್ಲ, ಕಠಿಣಗೊಳಿಸುತ್ತಿದ್ದೇನೆ. ಹೆಸರಿನ ಪರೀಕ್ಷೆಯಲ್ಲಿ ಏನೂ ಗೊತ್ತಿಲ್ಲದವರೂ ಎರಡು ಸಲದಲ್ಲಿ ಒಂದು ಸಲ ಪಾಸಾಗಬಹುದು. ಅಂತರದ ಪರೀಕ್ಷೆಯಲ್ಲಿ ಹಾಗೆ ನುಸುಳಲು ಆಗುವುದಿಲ್ಲ. 2020ರ ಅಕ್ಟೋಬರ್ ಕೊನೆಯಲ್ಲಿ ಎರಡು ಪ್ರತಿಷ್ಠಿತ ಮಾಧ್ಯಮ ಸಂಸ್ಥೆಗಳ ಜಂಟಿ ಸಮೀಕ್ಷೆ ವಿಸ್ಕಾನ್ಸಿನ್‌ನಲ್ಲಿ ಬೈಡನ್‌ಗೆ 17 ಅಂಶಗಳ ಮುನ್ನಡೆ ಕೊಟ್ಟಿತು. ಬೈಡನ್ ಆ ರಾಜ್ಯವನ್ನು ಗೆದ್ದರು, ಒಂದು ಅಂಶಕ್ಕೂ ಕಡಿಮೆ ಅಂತರದಿಂದ. ಹೆಸರಿನ ಪರೀಕ್ಷೆಯಲ್ಲಿ ಇದು ಪಾಸು, ಅಂತರದ ಪರೀಕ್ಷೆಯಲ್ಲಿ ಹೀನಾಯ ನಪಾಸು. ಸಂಭಾವ್ಯತೆಯ ಭಾಷೆಯಲ್ಲಿ ಮಾತಾಡುವ ಮುನ್ಸೂಚಕರಿಗೂ ಇದೇ ನಿಯಮ. 2016ರಲ್ಲಿ ಟ್ರಂಪ್‌ಗೆ ಸುಮಾರು ಶೇ 29 ಅವಕಾಶವಿದೆ ಎಂದವರೂ, ಶೇ 2ಕ್ಕಿಂತ ಹೆಚ್ಚಿಲ್ಲ ಎಂದವರೂ ಒಟ್ಟಿಗೆ ‘ತಪ್ಪಿದವರು’ ಎನಿಸಿಕೊಂಡರು. ಅವರು ನೋಡಿದ್ದು ಬಹುಮಟ್ಟಿಗೆ ಒಂದೇ ಸಮೀಕ್ಷೆಗಳನ್ನು. ಮೊದಲನೆಯವರು ರಾಜ್ಯಗಳ ದೋಷ ಒಟ್ಟಿಗೆ ವಾಲಬಹುದು ಎಂಬುದಕ್ಕೆ ಸಾಕಷ್ಟು ಜಾಗ ಬಿಟ್ಟಿದ್ದರು, ಎರಡನೆಯವರು ಬಿಟ್ಟಿರಲಿಲ್ಲ. ಈ ಇಬ್ಬರನ್ನೂ ಒಂದೇ ಗುಂಪಿಗೆ ಹಾಕುವ ಅಳತೆಗೋಲು ಪ್ರಾಮಾಣಿಕ ಅನಿಶ್ಚಿತತೆಯನ್ನು ಶಿಕ್ಷಿಸುತ್ತದೆ, ಹುಸಿ ನಿಶ್ಚಿತತೆಗೆ ಪ್ರೋತ್ಸಾಹ ಕೊಡುತ್ತದೆ.

ಕೊನೆಯ ಆಕ್ಷೇಪ ವ್ಯಾವಹಾರಿಕವಾದದ್ದು: ಗೆಲ್ಲುವವರನ್ನು ಹೇಳಲಾಗದಿದ್ದರೆ ನಿಕಟ ಚುನಾವಣೆಯಲ್ಲಿ ಸಮೀಕ್ಷೆ ಯಾಕೆ ಬೇಕು? ಚುನಾವಣೆ ನಿಕಟವಾಗಿದೆ ಎಂದು ನಮಗೆ ತಿಳಿಯುವುದೇ ಸಮೀಕ್ಷೆಯಿಂದ ಎಂಬುದು ಮೊದಲ ಉತ್ತರ. ಐವತ್ತು ರಾಜ್ಯಗಳಲ್ಲಿ ಏಳು ಮಾತ್ರ ನಿರ್ಣಾಯಕ ಎಂದು 2024ರಲ್ಲಿ ಮೊದಲೇ ಗೊತ್ತಾಗಿತ್ತು, ಆ ಗುರುತು ಸರಿಯಾಗಿಯೇ ಇತ್ತು. ಯಾವ ಗುಂಪಿನ ಮತದಾರರು ಯಾವ ಪಕ್ಷದಿಂದ ದೂರ ಸರಿಯುತ್ತಿದ್ದಾರೆ, ಬೆಲೆಯೇರಿಕೆ ಎಷ್ಟು ಕಾಡುತ್ತಿದೆ ಎಂಬಂಥ ವಿಷಯಗಳಲ್ಲಿ ಎರಡು ಮೂರು ಅಂಶಗಳ ದೋಷ ಅರ್ಥವನ್ನು ಕೆಡಿಸುವುದಿಲ್ಲ. ಶೇ 60 ಮಂದಿ ಒಂದು ನೀತಿಯನ್ನು ಒಪ್ಪುತ್ತಾರೆ ಎಂಬುದು ವಾಸ್ತವದಲ್ಲಿ ಶೇ 57 ಆಗಿದ್ದರೂ ಸಂಗತಿ ಬದಲಾಗದು. ಎರಡನೆಯ ಉತ್ತರ ಇದಕ್ಕಿಂತ ಮಹತ್ವದ್ದು. ಸಮೀಕ್ಷೆಗಳಿಲ್ಲದ ಜಾಗ ಖಾಲಿ ಉಳಿಯುವುದಿಲ್ಲ. ರ‍್ಯಾಲಿಗೆ ಸೇರಿದ ಜನ, ಪಕ್ಷಗಳ ವಕ್ತಾರರ ಎದೆಗಾರಿಕೆ ಆ ಜಾಗಕ್ಕೆ ಬರುತ್ತವೆ. ಇವುಗಳ ದೋಷವನ್ನು ಯಾರೂ ಅಳೆದಿಲ್ಲ, ಅಳೆಯುವ ದಾರಿಯೂ ಇಲ್ಲ. ಸಮೀಕ್ಷೆಯ ದೋಷವನ್ನು ನಾವು ಇಷ್ಟು ನಿಖರವಾಗಿ ಚರ್ಚಿಸಲು ಸಾಧ್ಯವಾದದ್ದು ಅದು ತನ್ನನ್ನು ಪರೀಕ್ಷೆಗೆ ಒಡ್ಡಿಕೊಂಡಿರುವುದರಿಂದಲೇ.

ಇದೆಲ್ಲ ಅಂಕಿಗಳ ಸೂಕ್ಷ್ಮವಷ್ಟೇ ಆಗಿದ್ದರೆ ಇಷ್ಟು ದೂರ ವಾದಿಸಬೇಕಿರಲಿಲ್ಲ. ಒಂದೆರಡು ಅಂಶಗಳ ಮುನ್ನಡೆಯನ್ನು ತಲೆಬರಹ ಮಾಡಿ ‘ಇವರು ಗೆಲ್ಲಲಿದ್ದಾರೆ’ ಎಂದು ವಾರಗಟ್ಟಲೆ ಬರೆದರೆ, ಸೋತ ಕಡೆಯವರಿಗೆ ಫಲಿತಾಂಶ ಮೋಸದಂತೆ ಕಾಣುವುದು ಸಹಜ. ಸೋಲನ್ನು ಒಪ್ಪಿಕೊಳ್ಳುವುದರ ಮೇಲೆ ನಿಂತಿರುವ ಪ್ರಜಾಪ್ರಭುತ್ವಕ್ಕೆ ಅದು ನಿಜವಾದ ಪೆಟ್ಟು. ಆದ್ದರಿಂದ ಪತ್ರಿಕೆಗಳಿಂದ ಮೂರು ಸಂಗತಿಗಳನ್ನು ಕೇಳುವ ಹಕ್ಕು ನಮಗಿದೆ. ಮುನ್ನಡೆಗೆ ಅನ್ವಯಿಸುವ, ಹಿಂದಿನ ಚುನಾವಣೆಗಳ ಅನುಭವದಿಂದ ಲೆಕ್ಕ ಹಾಕಿದ ದೋಷವನ್ನೇ ಅಚ್ಚುಮಾಡಬೇಕು. ಆ ದೋಷಕ್ಕಿಂತ ಕಡಿಮೆ ಅಂತರವನ್ನು ಮುನ್ನಡೆ ಎಂದು ಕರೆಯಬಾರದು. ತೂಕ ಕೊಟ್ಟದ್ದು ಹೇಗೆ, ಮತ ಹಾಕುವವರನ್ನು ಗುರುತಿಸಿದ್ದು ಹೇಗೆ ಎಂಬುದನ್ನು ಅಂಕಿಯ ಜೊತೆಗೇ ಹೇಳಬೇಕು. ಓದುಗರ ಪಾಲಿನ ಕೆಲಸವೂ ಒಂದಿದೆ. ಎರಡು ಅಂಶಗಳ ವ್ಯತ್ಯಾಸ ಕಂಡಾಗ ‘ಯಾರು ಗೆಲ್ಲುತ್ತಾರೋ ಸಮೀಕ್ಷೆಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ’ ಎಂದು ಓದಿಕೊಳ್ಳುವುದು. ಹಾಗೆ ಓದಿಕೊಂಡವರು ಮತ ಎಣಿಕೆ ಮುಗಿದ ದಿನ ಬೇಸರ ಪಡಬಹುದು, ಮೋಸಹೋದೆವೆಂದು ಹೇಳಲಾರರು.